ಎರಡು ಬಟ್ಟಲು ಹಿಟ್ಟು

ಇಲ್ಫರ್ಡ್
11 ಮೇ 2025, ಭಾನುವಾರ

ವಿನಾಯಕನಿಗೆ,

ಈಗ ಮಧ್ಯಾಹ್ನ ಮೂರು ಗಂಟೆ. ಬೆಳಗ್ಗೆ ಬಟ್ಟೆ ಒಗೆದು ಹಿತ್ತಲಲ್ಲಿ ಹರವಿದೆ. ಬಿಸಿಲಿತ್ತು, ಒಣಗಿದವು, ಮಡಿಚಿಟ್ಟೆ. ನಿಮ್ಮಪ್ಪ ಈಸ್ಟ್ ಹ್ಯಾಮಿನ ಹೋಟೆಲಿಗೆ ಹೋಗಿದ್ದಾರೆ. ಭಾನುವಾರ ದೋಸೆಗೆ ಸಾಲು ನಿಲ್ಲುತ್ತದೆ, ಸಂಜೆ ಏಳರವರೆಗೆ ಹಂಚಿನ ಮುಂದಿನಿಂದ ಅಲ್ಲಾಡುವ ಹಾಗಿಲ್ಲ. ನನಗೆ ಡೈರಿ ಬರೆದು ಅಭ್ಯಾಸವೇ ಹೊರತು ಕಾಗದ ಬರೆದು ಅಲ್ಲ. ಅದಕ್ಕೇ ಗಂಟೆಯಿಂದ ಶುರುವಾಯಿತು.

ನಿನಗೆ ಶಿಕ್ಷೆಯಾಗಿ ಆರು ವಾರ ದಾಟಿತು. ವಿಸಿಟಿಂಗ್ ಆರ್ಡರ್ ಬಂದಿಲ್ಲ. ನಿಮ್ಮ ಜೈಲಿನ ಆಫೀಸಿಗೆ ಶಾಲೆಯ ಫೋನಿನಿಂದ ಮಾಡಿ ಕೇಳಿದೆ. ಒಳಗಿರುವವರು ತಾವಾಗಿ ಹೆಸರು ಬರೆದು ಕಳಿಸದಿದ್ದರೆ ಹೊರಗಿನವರು ಬರುವ ಹಾಗಿಲ್ಲವಂತೆ. "ತಾಯಿ ಆದರೂನಾ?" ಅಂದೆ. "ತಾಯಿ ಆದರೂ" ಅಂದಳು ಆ ಹೆಂಗಸು. ಒರಟಾಗಿ ಹೇಳಲಿಲ್ಲ. ನನ್ನ ಸ್ವಂತ ಫೋನು ನವೆಂಬರಿನಿಂದ ಅಡುಗೆಮನೆಯ ಡ್ರಾಯರಿನಲ್ಲಿದೆ. ಚಾರ್ಜ್ ಮಾಡಿಲ್ಲ.

ಮಂಗಳವಾರ ಪೊಲೀಸರು ನಿನ್ನ ಅಕ್ಕನ ಸಾಮಾನು ವಾಪಸ್ ಕೊಟ್ಟರು. ಪ್ಲಾಸ್ಟಿಕ್ ಚೀಲದಲ್ಲಿ ಹಸಿರು ಕೋಟು, ಪರ್ಸು, ಆಸ್ಪತ್ರೆಯ ಗುರುತಿನ ಚೀಟಿ. ಚೀಟಿಯಲ್ಲಿ ಸ್ಫೂರ್ತಿ ನಗುತ್ತಿದ್ದಾಳೆ. ಕೋಟಿನ ಜೇಬಿನಲ್ಲಿ ಒಂದು ಬಿಲ್ಲು ಇತ್ತು. ಸ್ಟ್ರಾಟ್‌ಫರ್ಡಿನ ಯಾವುದೋ ಜಪಾನೀ ಹೋಟೆಲು. ನವೆಂಬರ್ ಹದಿನಾರು, ಶನಿವಾರ, ಮೂರು ಗಂಟೆ ಹನ್ನೆರಡು ನಿಮಿಷ. ಕಾರು ಲಾರಿಗೆ ಬಡಿದ ದಿನವೇ. ನೀವಿಬ್ಬರೂ ಶೂ ತರೋಕೆ ಹೋಗಿ ಬರ್ತೀವಿ ಅಂದಿದ್ದಿರಿ. ಊಟ ಮಾಡಿ ಬರ್ತೀವಿ ಅಂದಿರಲಿಲ್ಲ. ನಾನು ಮನೆಯಲ್ಲಿ ಬದನೆಕಾಯಿ ಎಣ್ಣೆಗಾಯಿ ಮಾಡಿಟ್ಟಿದ್ದೆ.

ಬಿಲ್ಲಿನಲ್ಲಿ ಎರಡು ಬಟ್ಟಲು ಅಂತ ಇದೆ. ಒಂದು ತರಕಾರಿಯದು. ಇನ್ನೊಂದು ಹಂದಿ ಮತ್ತು ಸೀಗಡಿಯದು.

ಬೈಯೋಕೆ ಕೇಳುತ್ತಿಲ್ಲ, ವಿನೂ. ಸೆಪ್ಟೆಂಬರಿನಲ್ಲಿ ಹಿರಿಯರ ಅಮಾವಾಸ್ಯೆ. ಇಪ್ಪತ್ತೆಂಟು ವರ್ಷದ ಮಗಳನ್ನು ನಿಮ್ಮಜ್ಜ, ಮುತ್ತಜ್ಜಿಯರ ಸಾಲಿನಲ್ಲಿ ಕೂರಿಸಿ ಎಡೆ ಇಡಬೇಕು ಈ ವರ್ಷ. ಹೋದವರು ಏನನ್ನು ಇಷ್ಟಪಟ್ಟು ತಿನ್ನುತ್ತಿದ್ದರೋ ಅದನ್ನು ಇಡಬೇಕು. ಅಜ್ಜನಿಗೆ ಮೆಣಸಿನಕಾಯಿ ಬಜ್ಜಿ ಇಡುತ್ತೇವಲ್ಲ, ಹಾಗೆ. ಅವಳು ನಾನು ಮಾಡಿದ್ದೆಲ್ಲ ಚೆನ್ನಾಗಿದೆ ಅನ್ನುತ್ತಿದ್ದಳು. ಅದರಲ್ಲಿ ಯಾವುದು ನಿಜವಾಗಿ ಇಷ್ಟವಾಗಿತ್ತು ಅಂತ ಈಗ ಕೂತು ಯೋಚಿಸಿದರೆ ಒಂದೂ ಹೊಳೆಯುವುದಿಲ್ಲ. ಕೊನೆಗೆ ತಿಂದದ್ದು ಏನು ಅಂತ ಗೊತ್ತಿರುವವನು ನೀನೊಬ್ಬನೇ.

ಅವಳ ಬಟ್ಟಲು ಯಾವುದು? ಅದನ್ನು ಬರಿ. ವಿಸಿಟಿಂಗ್ ಆರ್ಡರಿಗೆ ನನ್ನ ಹೆಸರು ಬರಿ.

ನಾಳೆ ಶಾಲೆಯ ಅಡುಗೆಮನೆಯಲ್ಲಿ ನನಗೆ ಬೆಳಗಿನ ಪಾಳಿ.

ನಿನ್ನ ಅಮ್ಮ,
ರತ್ನಾಬಾಯಿ

*

2 ಜೂನ್ 2025

ಅಮ್ಮ,

ನಿನ್ನ ಪತ್ರ ತಡವಾಗಿ ಸಿಕ್ಕಿತು. ಕನ್ನಡದಲ್ಲಿ ಇದ್ದುದರಿಂದ ಯಾರಿಗೋ ತೋರಿಸಬೇಕಾಯಿತಂತೆ. ಇಲ್ಲಿ ಹೊರಗಿನ ಕಾಗದ ನಮ್ಮ ಕೈಗೆ ಕೊಡುವುದಿಲ್ಲ. ಯಂತ್ರಕ್ಕೆ ಹಾಕಿ ನಕಲು ತೆಗೆದು ನಕಲನ್ನು ಕೊಡುತ್ತಾರೆ. ಕಾಗದಕ್ಕೆ ಅಮಲಿನ ಔಷಧಿ ಸವರಿ ಕಳಿಸುವವರು ಇದ್ದಾರೆ, ಅದಕ್ಕೆ. ನಿನ್ನ ಪತ್ರದ ಮೂಲೆಯಲ್ಲಿ ಏನೋ ಬೂದು ಕಲೆ ಇದೆ. ಅರಿಸಿನ ಇರಬೇಕು.

ನಾನು ಏಳನೇ ಕ್ಲಾಸಿನವರೆಗೆ ದಾವಣಗೆರೆಯಲ್ಲಿ ಕಲಿತ ಕನ್ನಡ ಇದು. ತಪ್ಪಿದ್ದರೆ ಬಿಡು.

ನಾನು ಚೆನ್ನಾಗಿದ್ದೇನೆ. ಊಟ ಬಡಿಸುವ ಕೆಲಸ ಕೊಟ್ಟಿದ್ದಾರೆ. ಹತ್ತೂ ಮುಕ್ಕಾಲಿಗೇ ಮಧ್ಯಾಹ್ನದ ಊಟ ಕೊಡುತ್ತಾರೆ ಇಲ್ಲಿ. ನನ್ನ ಜೊತೆ ಸೆಲ್ಲಿನಲ್ಲಿ ಇರುವವನು ಮುದುಕ, ಒಳ್ಳೆಯವನು, ಟೀವಿ ಜೋರಾಗಿ ಹಾಕುತ್ತಾನೆ.

ಬಟ್ಟಲಿನ ವಿಷಯ ಬರೆಯಲಾರೆ. ಬರಬೇಡ. ಅಪ್ಪನಿಗೆ ನಾನು ಕೇಳಿದೆ ಅಂತ ಹೇಳು. ಬೇಡ, ಹೇಳಬೇಡ.

ವಿನಾಯಕ

*

ಇಲ್ಫರ್ಡ್
15 ಜೂನ್ 2025, ಭಾನುವಾರ

ವಿನಾಯಕನಿಗೆ,

ಬೆಳಗ್ಗೆ ಹನ್ನೊಂದು ಗಂಟೆ. ಇವತ್ತು ಏನೂ ನಡೆದಿಲ್ಲ. ಎಡಗೈಯಲ್ಲಿ ಕಾಗದ ಒತ್ತಿ ಹಿಡಿದು ಬರೆಯುತ್ತಿದ್ದೇನೆ, ಎಡಗೈಗೆ ಬ್ಯಾಂಡೇಜಿದೆ. ಹೆದರಬೇಡ, ಬೊಬ್ಬೆ ಅಷ್ಟೇ. ನಿನ್ನೆಯದನ್ನು ಬರೆಯುತ್ತೇನೆ.

ನೀನು ಬಟ್ಟಲಿನ ವಿಷಯ ಬರೆಯಲಾರೆ ಅಂದೆ. ಸರಿ, ನಾನೇ ಹೋಗಿ ನೋಡಿ ಬರೋಣ ಅಂತ ಹೊರಟೆ. ಒಬ್ಬಳೇ ಹೋಗೋಕೆ ಧೈರ್ಯ ಬರಲಿಲ್ಲ. ಸ್ಫೂರ್ತಿಯ ಸ್ನೇಹಿತೆ ಪ್ರತೀಕ್ಷಾ ಇದ್ದಾಳಲ್ಲ, ಆಸ್ಪತ್ರೆಯಲ್ಲಿ ಅವಳ ಜೊತೆ ಎಕ್ಸ್‌ರೇ ವಿಭಾಗದಲ್ಲಿ ಇದ್ದವಳು, ಅವಳನ್ನು ಕರೆದೆ. ಕಿಂಗ್ಸ್‌ಬರಿಯಿಂದ ಟ್ಯೂಬ್ ರೈಲಿನಲ್ಲಿ ಬಂದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ, ಮಧ್ಯೆ ಮಧ್ಯೆ ಒಂದೊಂದು ಕನ್ನಡ. ಅಪ್ಪ ಮೈಸೂರಿನವರಾದರೂ ಇಲ್ಲೇ ಹುಟ್ಟಿದ ಹುಡುಗಿ.

ಹೋಟೆಲು ದೊಡ್ಡ ಅಂಗಡಿಗಳ ಕಟ್ಟಡದ ಹಿಂದಿನ ಬೀದಿಯಲ್ಲಿದೆ. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ಪ್ರತಿ ಮೇಜಿನ ನಡುವೆ ಒಂದು ಕಬ್ಬಿಣದ ಹಂಚು. ನಿಮ್ಮಪ್ಪನದರಷ್ಟು ದೊಡ್ಡದಲ್ಲ, ಆದರೆ ಅದೇ ಹಂಚು, ಅದೇ ಕಪ್ಪು. ಬಡಿಸುವ ಹುಡುಗಿ ಬಂದು ಗ್ಯಾಸ್ ಹಚ್ಚಿ, ಎರಡು ಬಟ್ಟಲು ತಂದಿಟ್ಟು ಹೋದಳು. ಬಟ್ಟಲಲ್ಲಿ ಹೆಚ್ಚಿದ ಎಲೆಕೋಸು, ಅಡಿಯಲ್ಲಿ ತೆಳ್ಳಗೆ ಹಿಟ್ಟು. ಅಷ್ಟೇ.

"ಇದೇನೇ, ಹಸಿದೇ ಕೊಟ್ಟಳಲ್ಲ?" ಅಂದೆ.

"ಆಂಟಿ, ನಾವೇ ಕುಕ್ ಮಾಡ್ಕೋಬೇಕು. ದಟ್ಸ್ ದಿ ಫನ್."

"ಮನೆಯಲ್ಲಿ ಆ ಫನ್ ದಿನಾ ಇದೆಯಲ್ಲ ನನಗೆ."

ನಕ್ಕಳು. ನಾನೂ ನಕ್ಕೆ ಅನ್ನಿಸುತ್ತದೆ. ಒಕೊನೊಮಿಯಾಕಿ ಅಂತ ಇದರ ಹೆಸರು. ಅವಳು ಮೂರು ಸಲ ಹೇಳಿಕೊಟ್ಟಳು. ನಿಮಗಿಷ್ಟ ಬಂದದ್ದನ್ನು ಹಾಕಿ ಸುಟ್ಟುಕೊಳ್ಳಿ ಅಂತ ಅರ್ಥವಂತೆ. ನಾನು ತರಕಾರಿಯದು ಹೇಳಿ, ಮೊಟ್ಟೆ ಬೇಡ ಅಂದಿದ್ದೆ. ಮೊಟ್ಟೆ ಇಲ್ಲದಿದ್ದರೆ ಕೂಡಿಕೊಳ್ಳಲ್ಲ ಅಂತ ಹುಡುಗಿ ಎಚ್ಚರಿಸಿದಳು. ಕೂಡಿಕೊಳ್ಳದಿದ್ದರೆ ಬಿಡ್ರೀ ಅಂದೆ.

ಕಲಸಿ, ಎಣ್ಣೆ ಸವರಿ, ಹಂಚಿನ ಮೇಲೆ ಸುರಿದು ದುಂಡಗೆ ಮಾಡಿದೆ. ಅಲ್ಲಿಯವರೆಗೆ ಸರಿಯಾಗಿತ್ತು. ಮುಟ್ಟದೆ, ಒತ್ತದೆ ಐದು ನಿಮಿಷ ಸುಮ್ಮನೆ ಬಿಡಬೇಕಂತೆ. ಸುಮ್ಮನೆ ಕೂತೆ. ಎದುರಿನ ಮೇಜಿನಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ ಹಂಚಿನ ಮೇಲೆ ಬಗ್ಗಿ ಏನೋ ವಾದ ಮಾಡುತ್ತಿದ್ದರು. ಅವರ ಮುಖಗಳು ಕೆಂಪಗಾಗಿದ್ದವು, ಶಾಖಕ್ಕೆ. ನಾನು ಅವರನ್ನೇ ನೋಡುತ್ತ ಇದ್ದೆ. ಕೈ ತನ್ನಷ್ಟಕ್ಕೆ ತಾನು ಕೆಲಸ ಮಾಡಿತು. ನಲವತ್ತು ವರ್ಷ ಜೋಳದ ರೊಟ್ಟಿ ಬಡಿದ ಕೈ. ಹಂಚಿಗೆ ಹಾಕಿದ ಮೇಲೆ ರೊಟ್ಟಿಯ ಮೈಗೆ ನೀರು ಸವರಬೇಕು, ಇಲ್ಲದಿದ್ದರೆ ಬಿರಿಯುತ್ತದೆ. ನಾನು ಕುಡಿಯುವ ನೀರಿನ ಲೋಟದಲ್ಲಿ ಎಡಗೈ ಅದ್ದಿ, ಆ ಹಿಟ್ಟಿನ ಮೇಲೆ ಪೂರ್ತಿ ಸವರಿ, ಅಂಗೈಯಿಂದ ಒತ್ತಿಬಿಟ್ಟೆ.

ಹಸಿ ಹಿಟ್ಟಿನೊಳಗೆ ಕೈ ಹೂತು ಹಂಚಿಗೆ ತಾಗಿತು. ನೀರು ಎಣ್ಣೆಗೆ ಬಿದ್ದು ಚಟಪಟ ಹಾರಿತು. ಹಬೆ ಎದ್ದು ನನಗೇನೂ ಕಾಣಲಿಲ್ಲ.

"ಆಂಟಿ! ಕೈ, ಕೈ! ಓ ಮೈ ಗಾಡ್, ಕೈ ತೆಗೀರಿ!"

ಬಡಿಸುವ ಹುಡುಗಿ ಓಡಿ ಬಂದಳು. ನನ್ನನ್ನು ಸಿಂಕಿಗೆ ಕರೆದುಕೊಂಡು ಹೋಗಿ ತಣ್ಣೀರಿನ ಕೆಳಗೆ ಕೈ ಹಿಡಿಸಿ, ಗಡಿಯಾರ ನೋಡುತ್ತ ಇಪ್ಪತ್ತು ನಿಮಿಷ ಪಕ್ಕದಲ್ಲೇ ನಿಂತಳು. ಅವಳಿಗೆ ಸ್ಫೂರ್ತಿಗಿಂತ ಚಿಕ್ಕ ವಯಸ್ಸು. "ನಿಮ್ಮ ದೇಶದಲ್ಲಿ ಹೀಗೆ ಮಾಡ್ತಾರಾ?" ಅಂತ ಕೇಳಿದಳು. ಮಾಡ್ತಾರೆ ಅಂದೆ. "ಬೇರೆ ಹಿಟ್ಟಿಗೆ" ಅಂದೆ.

ವಾಪಸ್ ಬರುವಷ್ಟರಲ್ಲಿ ನನ್ನದು ಹಂಚಿನ ಮೇಲೆ ಪುಡಿಪುಡಿಯಾಗಿ ಕರಕಲಾಗಿತ್ತು. ಪ್ರತೀಕ್ಷಾ ಸಣ್ಣ ಕಬ್ಬಿಣದ ಸಟ್ಟುಗದಿಂದ ಕೆರೆಯುತ್ತ ಅಳುತ್ತಿದ್ದಳು. ನಾನು ಜೇಬಿನಿಂದ ಬಿಲ್ಲು ತೆಗೆದು ತೋರಿಸಿ ಕೇಳಿದೆ: "ನೀನೂ ಅವಳ ಜೊತೆ ಇಲ್ಲಿಗೆ ಬರ್ತಿದ್ದೆ ತಾನೆ? ಇದರಲ್ಲಿ ಅವಳದು ಯಾವುದು?"

ಸ್ವಲ್ಪ ಹೊತ್ತು ಬಿಲ್ಲು ನೋಡಿದಳು. "ವೆಜ್ ಆಂಟಿ. ಅವಳದು ಯಾವಾಗಲೂ ವೆಜ್" ಅಂದಳು. ಆ ಮಾತನ್ನು ಕನ್ನಡದಲ್ಲೇ ಹೇಳಿದಳು.

ನನಗೆ ಎಷ್ಟು ಸಮಾಧಾನವಾಯಿತು ಅಂತ ನಿನಗೆ ಹೇಳಲಾರೆ. ಹಾಗಾದರೆ ಹಂದಿ ನಿನ್ನದು. ಇರಲಿ. ನೀನು ಬದುಕಿದ್ದೀಯ, ನಿನ್ನನ್ನು ನಾನು ಬೈಯಬಹುದು.

ನಿಮ್ಮಪ್ಪ ಕೈ ನೋಡಿ ಏನಾಯಿತು ಅಂದರು. ಹೇಳಿದೆ. "ಗಿರಾಕಿನೇ ಬೇಯಿಸಿಕೊಳ್ಳೋದಾ? ಹಾಗಾದರೆ ಮಾಲೀಕ ಏನು ಮಾಡ್ತಾನೆ, ಹಾಡು ಹೇಳ್ತಾನಾ?" ಅಂದರು. ಯಾಕೆ ಹೋಗಿದ್ದೆ ಅಂತ ಕೇಳಲಿಲ್ಲ.

ಆರ್ಡರ್ ಕಳಿಸು. ನಾಳೆ ನರ್ಸು ಬ್ಯಾಂಡೇಜ್ ಬದಲಿಸುತ್ತಾಳೆ.

ಅಮ್ಮ

*

6 ಜುಲೈ 2025

ಅಮ್ಮ,

ನಿನ್ನ ಕೈ ವಾಸಿಯಾಯಿತಾ?

ಈ ಪತ್ರವನ್ನು ನಾಲ್ಕು ಸಲ ಹರಿದು ಬರೆದಿದ್ದೇನೆ. ಸುಮ್ಮನಿದ್ದರೆ ನೀನು ಸಮಾಧಾನದಿಂದ ಇರುತ್ತೀಯ ಅಂತ ಗೊತ್ತು. ಆದರೆ ನೀನು ಎಡೆ ಇಡುವುದು ಅವಳಿಗೆ.

ವೆಜ್ ನನ್ನದು, ಅಮ್ಮ. ಎಡೆಗೆ ಅದನ್ನು ಇಟ್ಟರೆ ನನಗೆ ಇಟ್ಟ ಹಾಗೆ.

ಪ್ರತೀಕ್ಷಾ ನಿನಗೆ ನೋವಾಗಬಾರದು ಅಂತ ಹಾಗೆ ಹೇಳಿದ್ದಾಳೆ. ಅವಳನ್ನು ಬೈಯಬೇಡ. ಅಕ್ಕ ಯೂನಿವರ್ಸಿಟಿಗೆ ಸೇರಿದ ವರ್ಷದಿಂದ ಎಲ್ಲ ತಿನ್ನುತ್ತಿದ್ದಳು. ನಿಮಗೆ ಹೇಳೋಕೆ ಭಯ ಇರಲಿಲ್ಲ ಅವಳಿಗೆ. ಹೇಳಿದರೆ ನೀನು ಅವಳಿಗೆ ಬೇರೆ ತಟ್ಟೆ ಇಡುತ್ತೀಯ ಅಂತ ಗೊತ್ತಿತ್ತು, ಅದೊಂದು ಬೇಡ ಅಂದಿದ್ದಳು. ವರ್ಷಕ್ಕೆ ನಾಲ್ಕೈದು ಸಲ ಅಲ್ಲಿಗೆ ಹೋಗುತ್ತಿದ್ದೆವು. "ಇಬ್ಬರಲ್ಲಿ ಒಬ್ಬರಾದರೂ ಸುಳ್ಳು ಹೇಳದೆ ಮನೆಗೆ ಹೋಗಬೇಕು, ನೀನು ವೆಜ್ ತಗೊಳ್ಳೋ" ಅನ್ನುತ್ತಿದ್ದಳು. ನನಗೂ ವೆಜ್ಜೇ ಇಷ್ಟ, ಅದು ಬೇರೆ ವಿಷಯ.

ಅವಳು ಹೇಗೆ ಮಾಡುತ್ತಿದ್ದಳು ಅಂತ ಬರೆಯುತ್ತೇನೆ. ನಿನಗೆ ಬೇಕಾದರೆ ಓದು. ಮೊದಲು ಬಟ್ಟಲಿನ ಮೇಲಿರುವ ಹಂದಿಯ ತೆಳು ಪಟ್ಟಿಗಳನ್ನು ಪಕ್ಕಕ್ಕೆ ಎತ್ತಿಡುತ್ತಾಳೆ. ಹಿಟ್ಟು, ಕೋಸು, ಮೊಟ್ಟೆ, ಸೀಗಡಿ ಚಮಚದಿಂದ ಕಲಸುತ್ತಾಳೆ, ಬಹಳ ಕಲಸುವುದಿಲ್ಲ. ಎರಡು ಬೆರಳು ದಪ್ಪಕ್ಕೆ ಹಾಕುತ್ತಾಳೆ. ಪಟ್ಟಿಗಳನ್ನು ಮೇಲೆ ಜೋಡಿಸುತ್ತಾಳೆ. ಆಮೇಲೆ ಕೈ ಕಟ್ಟಿಕೊಂಡು ಕೂರುತ್ತಾಳೆ, ಒತ್ತುವುದಿಲ್ಲ. ಒತ್ತಿದರೆ ಗಾಳಿ ಹೋಗಿ ಗಟ್ಟಿಯಾಗುತ್ತದೆ. ಎರಡು ಸಟ್ಟುಗ ಎರಡು ಕಡೆಯಿಂದ ತೂರಿಸಿ ಒಂದೇ ಸಲಕ್ಕೆ ಮಗುಚುತ್ತಾಳೆ. ಆ ದಿನ ಅರ್ಧ ಹಂಚಿನ ಅಂಚಿಗೆ ಬಿತ್ತು. "ಅಪ್ಪ ನೋಡಿದ್ರೆ ನನ್ನ ಕೆಲಸದಿಂದ ತೆಗೀತಾರೆ" ಅಂದಳು. ಕಪ್ಪು ಸಾಸು, ಬಿಳಿ ಸಾಸು ಗೆರೆ ಗೆರೆ. ಮೇಲೆ ಕಾಗದದಷ್ಟು ತೆಳ್ಳಗೆ ಹೆರೆದ ಒಣಮೀನಿನ ಸಿಪ್ಪೆ ಹಾಕುತ್ತಾರೆ, ಶಾಖಕ್ಕೆ ಅದು ಅಲ್ಲಾಡುತ್ತದೆ. ಅವಳು ಅದು ನಿಲ್ಲುವವರೆಗೆ ಕಾಯುತ್ತಿದ್ದಳು. ಅಲ್ಲಾಡುವುದನ್ನು ತಿನ್ನೋಕೆ ಆಗಲ್ಲ ಅನ್ನುತ್ತಿದ್ದಳು.

ಇಷ್ಟೇ ನನ್ನ ಹತ್ತಿರ ಇರುವುದು. ವಿಸಿಟಿಂಗ್ ಆರ್ಡರ್ ಕೇಳಬೇಡ. ನೀನು ಬಂದು ಎದುರು ಕೂತರೆ ಆಮೇಲೆ ಏನಾಯಿತು ಅಂತ ಕೇಳುತ್ತೀಯ. ನನಗೆ ಲಾರಿಯ ಹಿಂದಿನ ಕೆಂಪು ದೀಪ ಗೊತ್ತು. ಅದಾದ ಮೇಲೆ ಆಸ್ಪತ್ರೆಯ ಚಾವಣಿ ಗೊತ್ತು. ಮಧ್ಯದ್ದು ನನಗಿಲ್ಲ. ಅವಳು ಒಬ್ಬಳೇ ಇದ್ದಳು ಅಂತ ಮಾತ್ರ ಗೊತ್ತು. ನಾನು ಪಕ್ಕದಲ್ಲಿದ್ದೂ.

ವಿನಾಯಕ

*

ಇಲ್ಫರ್ಡ್
20 ಜುಲೈ 2025, ಭಾನುವಾರ

ವಿನಾಯಕನಿಗೆ,

ಸಂಜೆ ನಾಲ್ಕು ಗಂಟೆ. ಬೆಳಗ್ಗೆ ಸ್ಫೂರ್ತಿಯನ್ನು ಮಣ್ಣು ಮಾಡಿದ ಜಾಗಕ್ಕೆ ಹೋಗಿ ಬಂದೆವು. ಹುಲ್ಲು ಬೆಳೆದಿತ್ತು, ನಿಮ್ಮಪ್ಪ ಕತ್ತರಿಯಿಂದ ಅಂಚು ಕತ್ತರಿಸಿದರು. ಕಲ್ಲು ಇನ್ನೂ ಬಂದಿಲ್ಲ, ಮರದ ಪಟ್ಟಿಯೇ ಇದೆ. ಕೈ ವಾಸಿಯಾಗಿದೆ.

ನಿನ್ನ ಪತ್ರ ಬಂದು ಹತ್ತು ದಿನ. ಮೂರು ದಿನ ಶಾಲೆಗೆ ಹೋಗಲಿಲ್ಲ, ಜ್ವರ ಅಂತ ಹೇಳಿದೆ. ಸಿಟ್ಟು ಬಂತು. ಅವಳ ಮೇಲೆ, ಪ್ರತೀಕ್ಷಾಳ ಮೇಲೆ, ನಿಜ ಹೇಳಿದ್ದಕ್ಕೆ ನಿನ್ನ ಮೇಲೆ. ಬೇರೆ ತಟ್ಟೆ ಇಡುತ್ತಿದ್ದೆನಾ ಅಂತ ಕೇಳಿಕೊಂಡೆ. ಇಡುತ್ತಿದ್ದೆ. ಅಡುಗೆಮನೆಯ ಕಪಾಟಿನಲ್ಲಿ ಯಾವ ಮೂಲೆಗೆ ಅಂತಲೂ ಗೊತ್ತು.

ನಾಲ್ಕನೆಯ ದಿನ ನಿಮ್ಮಪ್ಪನಿಗೆ ಓದಿ ಹೇಳಿದೆ. ನಿನ್ನ ಹೆಸರು ಬಂದರೆ ಎದ್ದು ಹೋಗುತ್ತಾರೆ ಅಂತ ಹೆಸರು ಬಿಟ್ಟು ಓದಿದೆ. ಬೂಟಿನ ದಾರ ಬಿಚ್ಚುತ್ತ ಕೂತಿದ್ದವರು ಹಾಗೇ ಕೂತರು.

"ಹಂದಿ" ಅಂದರು.

"ಹೂಂ."

"ಮುಚ್ಚಿ ಬೇಯಿಸಿದಳಂತಾ, ತೆರೆದಾ?"

"ಬರೆದಿಲ್ಲ."

"ಎರಡು ಬೆರಳು ದಪ್ಪ ಅಂದ್ರೆ ಮುಚ್ಚಬೇಕು. ಇಲ್ಲಾಂದ್ರೆ ನಡುವೆ ಹಸಿ ಉಳಿಯುತ್ತೆ. ಒಂದೇ ಸಲಕ್ಕೆ ಮಗುಚಿದಳಾ?"

"ಅರ್ಧ ಅಂಚಿಗೆ ಬಿತ್ತಂತೆ."

"ಹಂಚು ಕಾದಿರಲಿಲ್ಲ" ಅಂದರು. "ಅವಸರ ಅವಳಿಗೆ. ಚಿಕ್ಕವಳಿದ್ದಾಗಲೂ ಹೇಳ್ತಿದ್ದೆ, ನೀರು ಚಿಮುಕಿಸಿ ನೋಡು, ಕಾದಿದೆಯಾ ನೋಡು ಅಂತ." ಒಂದು ಬೂಟು ಹಾಕಿಕೊಂಡೇ ಮಹಡಿಗೆ ಹೋದರು. ಆಮೇಲೆ ಕೆಳಗೆ ಬಂದು, ಹಂದಿ ಈ ಮನೆಯೊಳಗೆ ಬರಬಾರದು, ಎಡೆಗೂ ಬರಬಾರದು ಅಂದರು. ಕೂಗಾಡಲಿಲ್ಲ. ಅವರು ಹಾಗೆ ಮೆಲ್ಲಗೆ ಹೇಳಿದರೆ ಮುಗಿಯಿತು, ನಿನಗೆ ಗೊತ್ತು.

ಈಗ ನಾನು ಬರೆಯದೆ ಇಟ್ಟಿರುವುದನ್ನು ಬರೆಯುತ್ತೇನೆ.

ಕೋರ್ಟಿನಲ್ಲಿ ಓದಿದರು, ಮೂರು ಕರೆ ಬಂದವು ಅಂತ. ಐದು ಮೂವತ್ತೆಂಟು, ಐದು ನಲವತ್ತು, ಐದು ನಲವತ್ತೊಂದು. ಮೂರನೆಯದನ್ನು ನೀನು ಕಾರು ಓಡಿಸುತ್ತಲೇ ಎತ್ತಿದೆ, ಫೋನ್ ಕೈಯಲ್ಲಿ ಹಿಡಿದಿದ್ದೆ. ಯಾರ ಕರೆ ಅಂತ ವಕೀಲ ಹೇಳಲಿಲ್ಲ, ಮನೆಯವರದು ಅಂದ. ನೀನು ತಲೆ ಎತ್ತಲಿಲ್ಲ. ನಾನೂ ಬೆಂಚಿನ ಮೇಲೆ ಕೂತೇ ಇದ್ದೆ.

ಎಷ್ಟು ರೊಟ್ಟಿ ಬಡೀಲಿ ಅಂತ ಕೇಳೋಕೆ ಮಾಡಿದ್ದು. ಅಷ್ಟಕ್ಕೇ. ಹಿಟ್ಟು ನಾದಿಟ್ಟಿದ್ದೆ, ಆರಿಹೋಗುತ್ತದೆ ಅಂತ ಅವಸರ. ಒಂದು ಸಲ ಎತ್ತದಿದ್ದರೆ ಇನ್ನೊಂದು ಸಲ, ಎತ್ತುವವರೆಗೂ ಬಿಡುವವಳಲ್ಲ ನಾನು. ಕ್ಲಾಸಿನಲ್ಲಿರಲಿ, ಡ್ಯೂಟಿಯಲ್ಲಿರಲಿ, ಅಮ್ಮನ ಫೋನು ಎತ್ತಬೇಕು. ಆ ಕಾನೂನು ಮಾಡಿದವಳು ನಾನು. ಈ ದೇಶಕ್ಕೆ ಬಂದ ಮೊದಲ ವರ್ಷ, ಭಾಷೆ ಬಾರದೆ ನೀವೆಲ್ಲೋ ಕಳೆದುಹೋಗುತ್ತೀರಿ ಅಂತ ಮಾಡಿದ್ದು. ಆಮೇಲೆ ತೆಗೆಯಲೇ ಇಲ್ಲ.

ನೀನು "ಅಮ್ಮಾ, ಬಂದ್ವಿ, ನಾಲ್ಕು ಸಾಕು" ಅಂದೆ. ಹೊಟ್ಟೆ ತುಂಬಿದ್ದರೂ ನಾಲ್ಕು ಅಂದೆ. ಆಮೇಲೆ ಸದ್ದು.

ಆ ಕರೆ ನಾಲ್ಕು ನಿಮಿಷ ಇತ್ತು ಅಂತ ಕೋರ್ಟಿನ ಕಾಗದದಲ್ಲಿ ಇತ್ತು. ಯಾಕೆ ಅಷ್ಟು ಉದ್ದ ಅಂತ ಯಾರೂ ಕೇಳಲಿಲ್ಲ. ಫೋನು ಎಲ್ಲೋ ಬಿದ್ದು ಹಾಗೇ ನಡೆಯುತ್ತಿತ್ತು ಅಂದುಕೊಂಡರು. ನಡೆಯುತ್ತಿತ್ತು. ಈ ಕಡೆ ನಾನಿದ್ದೆ. ಕಟ್ ಮಾಡಲಿಲ್ಲ. ಕೂಗಿದೆ, ನನ್ನ ಕೂಗು ಅಲ್ಲಿ ಕೇಳಿಸಲಿಲ್ಲ. ಅಲ್ಲಿಯದು ನನಗೆ ಕೇಳಿಸಿತು.

ಸ್ಫೂರ್ತಿ ಮಾತಾಡಿದಳು, ವಿನೂ. ಗದ್ದಲ ಕೇಳಿಸಿತು ಅಂತಷ್ಟೇ ಪೊಲೀಸರಿಗೆ ಹೇಳಿದೆ. ನಿಮ್ಮಪ್ಪನಿಗೂ ಹೇಳಿಲ್ಲ. ಯಾಕೆಂದರೆ ಅವಳು ಮಾತಾಡಿದ್ದು ನನ್ನ ಜೊತೆ ಅಲ್ಲ, ನಿನ್ನ ಜೊತೆ. ನಿನಗೆ ಹೇಳಿದ ಮಾತು ನನ್ನ ಹತ್ತಿರ ಉಳಿದುಬಿಟ್ಟಿದೆ. ಯಾರೋ ಯಂತ್ರಕ್ಕೆ ಹಾಕಿ ನಕಲು ತೆಗೆಯುವ ಕಾಗದದಲ್ಲಿ ಅದನ್ನು ಬರೆಯುವುದಿಲ್ಲ. ಮೇ ತಿಂಗಳಿಂದ ನಾನು ಬರಬೇಕು ಬರಬೇಕು ಅನ್ನುತ್ತಿರುವುದು ಇದಕ್ಕೇ. ಬಟ್ಟಲು ಕೇಳುವುದು ಸುಲಭವಿತ್ತು, ಅದನ್ನು ಕೇಳಿದೆ.

ನೀನು ನಿನ್ನ ಹತ್ತಿರ ಇದ್ದದ್ದನ್ನು ಕೊಟ್ಟೆ. ನನ್ನ ಹತ್ತಿರ ಇರುವುದನ್ನು ಕೊಡೋಕೆ ಬಿಡು. ನಿನಗೆ ಬೇಡದಿದ್ದರೆ ಬೇಡ ಅಂತ ಬರಿ. ಆಮೇಲೆ ಕೇಳುವುದಿಲ್ಲ.

ನಾಳೆಯಿಂದ ಶಾಲೆಗೆ ರಜೆ.

ಅಮ್ಮ

*

24 ಆಗಸ್ಟ್ 2025

ಅಮ್ಮ,

ತಡವಾಯಿತು. ಪತ್ರ ಬೇಗನೇ ಸಿಕ್ಕಿತ್ತು. ನಾನೇ ಬರೆಯಲಿಲ್ಲ. ಇಲ್ಲಿ ಎರಡು ವಾರ ನನ್ನನ್ನು ಬೇರೆ ಕಡೆ ಇಟ್ಟಿದ್ದರು, ಏನಾದರೂ ಮಾಡಿಕೊಂಡೇನು ಅಂತ ಹದಿನೈದು ನಿಮಿಷಕ್ಕೊಮ್ಮೆ ಬಂದು ನೋಡುತ್ತಿದ್ದರು. ಈಗ ವಾಪಸ್ ಮೊದಲಿನ ಸೆಲ್ಲಿಗೆ ಬಂದಿದ್ದೇನೆ. ಮುದುಕ ನನ್ನ ಟೀ ಬ್ಯಾಗುಗಳನ್ನು ಮುಟ್ಟದೆ ಇಟ್ಟಿದ್ದ.

ಒಂದು ವಿಷಯ. ಫೋನ್ ಮಾಡಿದ್ದು ನೀನು. ಎತ್ತಿದ್ದು ನಾನು. ಅಕ್ಕ ಎತ್ತಬೇಡ ಅಂದಳು, ಐದು ನಿಮಿಷದಲ್ಲಿ ಮನೆ ಬರುತ್ತೆ ಅಂದಳು. ನಾನು ಎತ್ತಿದೆ. ಅದು ನನ್ನದು. ಅದನ್ನು ನನ್ನಿಂದ ತಗೋಬೇಡ, ಅಮ್ಮ. ಇಲ್ಲಿ ನನಗೆ ನನ್ನದು ಅಂತ ಇರುವುದು ಅದೊಂದೇ, ಅದನ್ನು ಇಟ್ಟುಕೊಂಡೇ ದಿನ ಕಳೆಯುತ್ತಿದ್ದೇನೆ. ನೀನು ಅರ್ಧ ಎತ್ತಿಕೊಂಡರೆ ನನ್ನ ಅರ್ಧ ಹಗುರವಾಗುವುದಿಲ್ಲ.

ಅವಳು ಏನಂದಳು ಅಂತ ಬರೆಯಬೇಡ. ಬಂದು ಹೇಳು. ಬೈದಿದ್ದರೆ ಬೈದಳು ಅಂತಲೇ ಹೇಳು. ನನಗೋಸ್ಕರ ಬದಲಾಯಿಸಬೇಡ. ಪ್ರತೀಕ್ಷಾ ಮಾಡಿದ ಹಾಗೆ ಮಾಡಬೇಡ.

ವಿಸಿಟಿಂಗ್ ಆರ್ಡರಿಗೆ ಹಾಕಿದ್ದೇನೆ. ಖಾಲಿ ಇದ್ದದ್ದು ಒಂದೇ ದಿನ, ಸೆಪ್ಟೆಂಬರ್ 21, ಭಾನುವಾರ, ಎರಡೂ ಕಾಲು. ಅದು ಬಿಟ್ಟರೆ ನವೆಂಬರ್. ನವೆಂಬರಿನಲ್ಲಿ ನನಗೆ ಧೈರ್ಯ ಇರುತ್ತದೋ ಇಲ್ಲವೋ ಗೊತ್ತಿಲ್ಲ. ನಿನ್ನದು, ಅಪ್ಪನದು, ಇಬ್ಬರ ಹೆಸರೂ ಬರೆದಿದ್ದೇನೆ. ರತ್ನಾಬಾಯಿ, ಸಿದ್ದಲಿಂಗಪ್ಪ.

ವಿನಾಯಕ

*

ಇಲ್ಫರ್ಡ್
20 ಸೆಪ್ಟೆಂಬರ್ 2025, ಶನಿವಾರ

ವಿನಾಯಕನಿಗೆ,

ಸಂಜೆ ಆರು ಗಂಟೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಾನು ಬಂದು ಹೋಗಿರುತ್ತೇನೆ. ಆದರೂ ಬರೆಯುತ್ತಿದ್ದೇನೆ. ಎದುರಿಗೆ ಕೂತಾಗ ಇದನ್ನು ಹೇಳುತ್ತ ಹೊತ್ತು ಕಳೆಯಬಾರದು.

ನೀನು ಕೊಟ್ಟ ದಿನವೇ ಹಿರಿಯರ ಅಮಾವಾಸ್ಯೆ. ನಿನಗೆ ಗೊತ್ತಿರಲಿಲ್ಲ, ಅಲ್ಲಿ ಕ್ಯಾಲೆಂಡರಿನಲ್ಲಿ ಇರುವುದಿಲ್ಲ. ಎಡೆ ಮಧ್ಯಾಹ್ನದ ಹೊತ್ತಿಗೆ ಇಡಬೇಕು, ಮನೆಯ ಹೆಂಗಸು ಉಪವಾಸವಿದ್ದು ಇಡಬೇಕು. ಆ ಹೊತ್ತಿಗೆ ನಾನು ದಾರಿಯಲ್ಲಿರುತ್ತೇನೆ. ಮೂರು ವಾರ ನಿಮ್ಮಪ್ಪನಿಗೆ ಹೇಳಲಿಲ್ಲ. ಮೊನ್ನೆ ಹೇಳಿದೆ.

"ಮೊದಲ ವರ್ಷದ ಎಡೆ. ಸತ್ತ ಮಗಳನ್ನು ಬಿಟ್ಟು ಅವಳನ್ನು ಕೊಂದವನನ್ನು ನೋಡೋಕೆ ಹೋಗ್ತೀಯಾ?"

"ಅವನೂ ನನ್ನ ಹೊಟ್ಟೆಯಿಂದಲೇ ಬಂದವನು. ನಿಮ್ಮ ಹೆಸರೂ ಬರೆದಿದ್ದಾನೆ."

"ಅಳಿಸೋಕೆ ಹೇಳು."

"ನೀವೇ ಬಂದು ಹೇಳ್ರಿ."

ಎರಡು ದಿನದಿಂದ ಊಟ ತಾವೇ ಬಡಿಸಿಕೊಳ್ಳುತ್ತಿದ್ದಾರೆ.

ಇವತ್ತು ಮಧ್ಯಾಹ್ನ ಒಬ್ಬಳೇ ಆ ಹೋಟೆಲಿಗೆ ಹೋದೆ. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಹುಡುಗಿಗೆ ನನ್ನ ಗುರುತು ಸಿಕ್ಕಿತು. ಕೈ ಹಿಡಿದು ತಿರುಗಿಸಿ ನೋಡಿದಳು. ನೀರಿನ ಲೋಟ ತಂದು ಮೇಜಿನ ಆ ತುದಿಗೆ, ನನಗೆ ಎಟುಕದ ಹಾಗೆ ಇಟ್ಟಳು. ಇಬ್ಬರೂ ನಕ್ಕೆವು. ಏನು ಬೇಕು ಅಂದಳು. ಹಂದಿ ಮತ್ತು ಸೀಗಡಿ ಅಂದೆ. ಮೊಟ್ಟೆ? ಅಂದಳು. ಹಾಕಿ ಅಂದೆ.

ನೀನು ಬರೆದ ಹಾಗೇ ಮಾಡಿದೆ. ಪಟ್ಟಿಗಳನ್ನು ಪಕ್ಕಕ್ಕೆ ಎತ್ತಿಟ್ಟೆ. ಸಟ್ಟುಗದಿಂದ ಎತ್ತಿದೆ, ಕೈಯಿಂದ ಮುಟ್ಟಲಾಗಲಿಲ್ಲ. ಬಹಳ ಕಲಸಲಿಲ್ಲ. ಎರಡು ಬೆರಳು ದಪ್ಪ. ಹಂಚು ಕಾಯುವವರೆಗೆ ಕಾದೆ. ಮುಚ್ಚಳ ಕೇಳಿ ಮುಚ್ಚಿದೆ. ಒತ್ತಲಿಲ್ಲ, ಎರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಹಂದಿಯ ವಾಸನೆ ಎದ್ದಾಗ ಮುಖ ಪಕ್ಕಕ್ಕೆ ತಿರುಗಿಸಿದೆ. ಒಂದೇ ಸಲಕ್ಕೆ ಮಗುಚಿದೆ, ಒಡೆಯಲಿಲ್ಲ. ಅಷ್ಟು ಚೆನ್ನಾಗಿ ಬರಬಾರದಿತ್ತು ಅನ್ನಿಸಿತು.

ಎದುರಿನ ಖಾಲಿ ಜಾಗಕ್ಕೆ ತಟ್ಟೆ ಇಟ್ಟು ಬಡಿಸಿದೆ. ಮೀನಿನ ಸಿಪ್ಪೆ ಅಲ್ಲಾಡಿತು. ನಿಲ್ಲುವವರೆಗೆ ಕಾದೆ. ಕೈ ಮುಗಿಯಲಿಲ್ಲ, ಸುತ್ತ ಜನ ಇದ್ದರು. ತಿನ್ನು ಅಂತ ಮನಸ್ಸಿನಲ್ಲಿ ಅಂದೆ. ಬೇರೆ ತಟ್ಟೆ ಅಲ್ಲ, ಇದೊಂದೇ ತಟ್ಟೆ ಇರುವುದು ಅಂದೆ.

ಎಡೆ ಇಟ್ಟದ್ದನ್ನು ಮನೆಯವರು ತಿನ್ನಬೇಕು. ಒಂದು ತುಂಡು ಮುರಿದು ಬಾಯಿಯ ಹತ್ತಿರ ತಂದೆ. ಆಗಲಿಲ್ಲ, ವಿನೂ. ಎರಡು ಸಲ ತಂದೆ, ಎರಡು ಸಲವೂ ಆಗಲಿಲ್ಲ. ತುಂಡನ್ನು ವಾಪಸ್ ತಟ್ಟೆಯಲ್ಲಿಟ್ಟೆ. ಹುಡುಗಿ ಬಂದು, ರುಚಿಯಾಗಿಲ್ಲವಾ, ಡಬ್ಬಿಗೆ ಹಾಕಿಕೊಡಲಾ ಅಂದಳು. ಬೇಡ, ಮನೆಗೆ ಒಯ್ಯುವ ಹಾಗಿಲ್ಲ ಅಂದೆ. ಅವಳು ತಟ್ಟೆ ಎತ್ತಿಕೊಂಡು ಹೋದಳು. ಕೌಂಟರಿನ ಹಿಂದೆ ಬಿನ್ನಿನ ಮುಚ್ಚಳ ತೆರೆದು ಸುರಿದದ್ದು ನಾನು ಕೂತಲ್ಲಿಗೆ ಕಾಣಿಸಿತು. ಅವಳದೇನು ತಪ್ಪಿದೆ ಅದರಲ್ಲಿ. ಕಾಗೆ ಮುಟ್ಟಲಿಲ್ಲ, ನಾವೂ ಮುಟ್ಟಲಿಲ್ಲ. ಆದರೂ ಇಟ್ಟೆ.

ಮನೆಗೆ ಬಂದಾಗ ನಿಮ್ಮಪ್ಪ ಅಡುಗೆಮನೆಯಲ್ಲಿ ಬೇಳೆ ತೊಳೆಯುತ್ತಿದ್ದರು. ನಾಳೆ ಹೋಳಿಗೆ, ಅನ್ನ, ಕಟ್ಟಿನ ಸಾರು ತಾವೇ ಮಾಡಿ ಎಡೆ ಇಡುತ್ತಾರಂತೆ. ಗಂಡಸು ಇಡೋ ಪದ್ಧತಿ ಇದೆಯಾ ಅಂತ ಕೇಳಲಿಲ್ಲ ನಾನು. ಎಲ್ಲಿಗೆ ಹೋಗಿದ್ದೆ ಅಂತ ಅವರೂ ಕೇಳಲಿಲ್ಲ. ನನ್ನ ಸೀರೆಗೆ ಆ ಹಂಚಿನ ಹೊಗೆಯ ವಾಸನೆ ಹಿಡಿದಿತ್ತು. ಮೂವತ್ತು ವರ್ಷ ಹಂಚಿನ ಮುಂದೆ ನಿಂತವರಿಗೆ ಗೊತ್ತಾಗದೆ ಇರುವುದಿಲ್ಲ. ಕಿಟಕಿ ತೆರೆದು, ಮತ್ತೆ ಬೇಳೆಗೆ ಕೈ ಹಾಕಿದರು.

ನೀನು ಬದಲಾಯಿಸಬೇಡ ಅಂದಿದ್ದೀಯ. ಬದಲಾಯಿಸುವುದಿಲ್ಲ. ಹತ್ತು ತಿಂಗಳಿಂದ ದಿನವೂ ಒಂದು ಸಲ ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದೇನೆ, ಒಂದು ಅಕ್ಷರ ಮರೆಯಬಾರದು ಅಂತ.

ನಾಳೆ ರೈಲು ಹಳಿಯ ಕೆಲಸ ಇದೆ, ಅರ್ಧ ದಾರಿ ಬಸ್ಸು, ಎಂಟು ಗಂಟೆಗೆ ಮನೆ ಬಿಡಬೇಕು. ಆರ್ಡರಿನಲ್ಲಿ ಎರಡು ಹೆಸರಿವೆ. ನಾನೊಬ್ಬಳೇ ಬರುತ್ತೇನೆ.

ಅಮ್ಮ